ದೊಡ್ಡ ಪಾತ್ರೆಯ ಉಪ್ಪು

ಬಸ್ ಡಿಪೋ ಕ್ಯಾಂಟೀನು, ಹಿಂದಿನ ಕೋಣೆ
ಮಾರ್ಚ್ ೧೪, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಮ್ಮಾ,

ನಿನ್ನ ಮಗನ ನಮಸ್ಕಾರ. ಮಂಡಿ ನೋವು ಹೇಗಿದೆ? ಚಿಕ್ಕಮ್ಮನ ಮನೆಯ ಹದಿನೇಳು ಮೆಟ್ಟಿಲನ್ನು ಬಟ್ಟೆ ಒಣಗಿಸುವ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಡ. ಕಣ್ಣಿಗೆ ಹನಿ ಬಿಟ್ಟುಕೊಳ್ಳುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ಇದನ್ನೆಲ್ಲ ಫೋನಿನಲ್ಲಿ ಕೇಳೋಣವೆಂದರೆ ನೀನು "ಎಲ್ಲಾ ಚೆನ್ನಾಗಿದೆ, ನಿಂದು ಊಟ ಆಯ್ತಾ?" ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡುತ್ತೀಯ. ಇಪ್ಪತ್ತೆಂಟು ವರ್ಷ ಕ್ಯಾಂಟೀನಿಗೆ ಬಂದವರನ್ನೆಲ್ಲ ಅದೊಂದೇ ಮಾತು ಕೇಳಿ ಕೇಳಿ, ಅದಕ್ಕೆ ಉತ್ತರವೂ ಇರುತ್ತದೆ ಎನ್ನುವುದೇ ನಿನಗೆ ಮರೆತುಹೋಗಿರಬೇಕು. ಅದಕ್ಕೇ ಈ ಕಾಗದ. ಹಾರ್ನ್ ಮಾಮನ ನಾಲ್ಕೂವರೆಯ ಬಸ್ಸು ಚಿಕ್ಕಮ್ಮನ ಬೀದಿಯ ತುದಿಯಲ್ಲೇ ಹಾದುಹೋಗುತ್ತದಲ್ಲ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಬ್ರೇಕಿಗಿಂತ ಹಾರ್ನನ್ನೇ ಹೆಚ್ಚು ನಂಬುವ ಡ್ರೈವರಾದರೂ ಕೊಟ್ಟ ಕಾಗದ ಕಳೆಯುವ ಮನುಷ್ಯನಲ್ಲ.

"ನಾಲ್ಕು ದಿನ ಇದ್ದು ಬರ್ತೀನಿ" ಎಂದು ಹೋದವಳು ನೀನು. ಇವತ್ತಿಗೆ ಆರು ವಾರವಾಯಿತು. ಯಾಕೆ ಹೋದೆ ಎನ್ನುವುದು ನನಗೆ ಗೊತ್ತು ಎಂದುಕೊಂಡಿದ್ದೇನೆ. ತಕ್ಕಡಿ ತಂದದ್ದಕ್ಕೆ ತಾನೇ? ಆದರೆ ಅಮ್ಮಾ, ಅದು ನಾನಾಗಿ ತಂದ ತಕ್ಕಡಿಯಲ್ಲ. ಜನವರಿಯಲ್ಲಿ ಡಿಪೋ ಡಾಕ್ಟರು ಡ್ರೈವರುಗಳನ್ನೆಲ್ಲ ಸಾಲಾಗಿ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ನೋಡಿದಾಗ ಮೂರರಲ್ಲಿ ಒಬ್ಬನಿಗೆ ರಕ್ತದೊತ್ತಡ ಹೆಚ್ಚಿತ್ತು. ಕ್ಯಾಂಟೀನಿನಲ್ಲಿ ಯಾವುದಕ್ಕೆ ಎಷ್ಟು ಉಪ್ಪು, ಎಷ್ಟು ಎಣ್ಣೆ ಎಂದು ಗ್ರಾಂ ಲೆಕ್ಕದಲ್ಲಿ ಬೋರ್ಡು ಬರೆದು ಹಾಕಬೇಕು ಎಂದರು. ನಿನ್ನನ್ನು ಕೇಳಿದರೆ "ಮೂರು ಹಿಡಿ, ಮೇಲೆ ಒಂದು ಚಿಟಿಕೆ" ಎಂದೆ. ಹಿಡಿ ಎಂದು ಬೋರ್ಡಿನಲ್ಲಿ ಬರೆದರೆ ಯಾರ ಹಿಡಿ ಎಂದು ಡಾಕ್ಟರು ಕೇಳುವುದಿಲ್ಲವೇ? ಅದಕ್ಕೇ ಒಂದು ವಾರ ನೀನು ಪಾತ್ರೆಗೆ ಹಾಕುವ ಮುಂಚೆ ಪ್ರತಿಯೊಂದನ್ನೂ ತಕ್ಕಡಿಯ ಮೇಲೆ ಸುರಿಸಿ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೊನೆಯ ದಿನ ನೀನು ಕನ್ನಡಕ ಏರಿಸಿ ನೋಟ್‌ಬುಕ್ ನೋಡಿ, ಉಪ್ಪಿನ ಸಾಲಿನ ಮೇಲೆ ಬೆರಳಿಟ್ಟು "ಇಷ್ಟಾ?" ಎಂದೆ. ನಾನು "ಅಷ್ಟೇ, ದಿನಾ ಹೆಚ್ಚುಕಮ್ಮಿ ಅರ್ಧ ಕಿಲೋ" ಎಂದೆ. ಮಾರನೇ ಬೆಳಿಗ್ಗೆ ನೀನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹೆತ್ತ ತಾಯಿಯ ಕೈಯನ್ನೇ ತಕ್ಕಡಿಗೆ ಹಾಕಿದವನು ಎಂದು ಬೇಸರವಾಗಿದ್ದರೆ ನನ್ನನ್ನು ನಾಲ್ಕು ಬೈದುಬಿಡು. ಬೈಗುಳ ನನಗೆ ಅರ್ಥವಾಗುತ್ತದೆ, ನಿನ್ನ ಈ ಮೌನ ಅರ್ಥವಾಗುವುದಿಲ್ಲ.

ಇಲ್ಲಿ ಉಳಿದ ಯಾವುದೂ ಅರ್ಥವಾಗುತ್ತಿಲ್ಲ, ಆ ಮಾತು ಬೇರೆ. ತಲೆ ಮೊಸರು ಗಡಿಗೆಯಾಗಿದೆ. ನಾನು ಚಿಕ್ಕವನಿದ್ದಾಗ ಹನ್ನೆರಡೂವರೆಗೆ ನೀನು ಗಂಟೆ ಬಾರಿಸಿದರೆ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಎಣ್ಣೆ ಕೈ ಒರೆಸಿಕೊಂಡು ಬಂದು ಉದ್ದದ ಬೆಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕಾಳು, ಆಲೂಗಡ್ಡೆ, ಸಿಕ್ಕಿದ ತರಕಾರಿ ಎಲ್ಲ ಹಾಕಿ ಗಟ್ಟಿಯಾಗಿ ಕುದಿಸಿದ್ದು, ಜೊತೆಗೆ ಬ್ರೆಡ್ಡು. ಅದಕ್ಕೊಂದು ಹೆಸರೂ ಇರಲಿಲ್ಲ. "ದೊಡ್ಡ ಪಾತ್ರೆ" ಎಂದರೆ ಮುಗಿಯಿತು. ಎರಡನೇ ಸೌಟು ಬೇಡ ಎಂದವನಿಗೆ ಮೈ ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡುತ್ತಿದ್ದೆ ನೀನು. ಈಗ ಟಿಕೆಟ್ಟು ಕೊಡಲು ಯಂತ್ರ ಬಂದು ಕಂಡಕ್ಟರುಗಳೇ ಇಲ್ಲ. ಬೆಂಚುಗಳನ್ನು ತೆಗೆಸಿ, ನಿಂತು ತಿನ್ನುವ ಎತ್ತರದ ಮೇಜು ಹಾಕಿಸಿದ್ದಾರೆ. ನಿಂತವರ ಊಟ ಏಳು ನಿಮಿಷದಲ್ಲಿ ಮುಗಿಯುತ್ತದಂತೆ. ಒಬ್ಬ ಡ್ರೈವರು ನೀರಿಗೆ ಪುಡಿ ಕಲಸಿ ಕುಡಿದು ಅದೇ ಊಟ ಎನ್ನುತ್ತಾನೆ. ಇನ್ನೊಬ್ಬ ಮಧ್ಯಾಹ್ನ ಒಂದರವರೆಗೆ ಏನೂ ಮುಟ್ಟುವುದಿಲ್ಲ. ಗಡಿಯಾರದ ಮುಳ್ಳು ಒಂದನ್ನು ಮುಟ್ಟಿದ್ದೇ ತಡ, ಪೆಟ್ರೋಲು ಮುಗಿದ ಗಾಡಿಗೆ ತುಂಬಿಸಿದ ಹಾಗೆ ತುಂಬಿಕೊಳ್ಳುತ್ತಾನೆ. ಮತ್ತೊಬ್ಬ ತಟ್ಟೆಯ ಫೋಟೋ ತೆಗೆದು ಯಾರಿಗೋ ಕಳಿಸಿ, ಅವರು ಒಪ್ಪಿದ ಮೇಲೆ ತಿನ್ನುತ್ತಾನೆ. ಹೊಸದಾಗಿ ಬಂದ ಡ್ರೈವರಮ್ಮ ಡಬ್ಬದ ತುಂಬ ಹಸಿ ಸೊಪ್ಪು ತರುತ್ತಾಳೆ. ಮೊದಲ ದಿನ ನೀನು ಅದನ್ನು ನೋಡಿ "ಪಾಪ, ಒಲೆ ಹಚ್ಚೋಕೆ ಮನೇಲಿ ಯಾರೂ ಇಲ್ವೇನೋ" ಎಂದು ಬಿಸಿ ಬಿಸಿ ಒಂದು ಸೌಟು ಅದರ ಮೇಲೇ ಸುರಿದಿದ್ದೆಯಲ್ಲ, ಅದನ್ನು ನೆನೆಸಿಕೊಂಡು ಅವಳು ಈಗಲೂ ನಗುತ್ತಾಳೆ. ವಿಚಿತ್ರವೆಂದರೆ ಇವರೆಲ್ಲ ದಿನಾ ನನ್ನನ್ನು ಕೇಳುವುದು ಒಂದೇ: "ಅಮ್ಮ ಯಾವಾಗ ಬರ್ತಾರೆ? ದೊಡ್ಡ ಪಾತ್ರೆ ಇಲ್ದೆ ಊಟ ಮಾಡಿದ ಹಾಗೇ ಇಲ್ಲ." ಕುಡಿಯುವುದು ಪುಡಿ, ಕೇಳುವುದು ನಿನ್ನ ಅಡಿಗೆ. ಯಾರನ್ನು ನಂಬಲಿ ಹೇಳು.

ಕೇಳಿದರಲ್ಲ ಎಂದು ನಾನೇ ದೊಡ್ಡ ಪಾತ್ರೆಗೆ ಕೈ ಹಾಕಿದೆ. ನೀನಿದ್ದಾಗ ನಾನು ಹೊರಗೆ ಕೌಂಟರಿನಲ್ಲಿ, ನಿನ್ನ ಸೊಸೆ ಒಳಗೆ ನಿನ್ನ ಜೊತೆ ಇರುತ್ತಿದ್ದಳಲ್ಲ, ಈಗ ಅದಲು ಬದಲು ಮಾಡಿದೆ. ಅವಳು "ನಾನೇ ಮಾಡ್ತೀನಿ, ನಂಗೆ ಅಂದಾಜಿದೆ" ಎಂದಳು. "ಅಮ್ಮನ ಕೈರುಚಿ ನನ್ನ ರಕ್ತದಲ್ಲಿದೆ, ನಿನ್ನದು ಬೇರೆ ಮನೆಯ ಕೈ" ಎಂದು ಅವಳಿಗೆ ಅಂದುಬಿಟ್ಟೆ. ಆಡಬಾರದಾಗಿತ್ತು. ಅವಳು ನನ್ನನ್ನೊಮ್ಮೆ ನೋಡಿ ಕೌಂಟರಿಗೆ ಹೋದಳು. ನಾನು ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಕಾಳಿನಿಂದ ಹಿಡಿದು ಉಪ್ಪಿನವರೆಗೆ ಒಂದು ಗ್ರಾಂ ಆಚೀಚೆ ಆಗದಂತೆ ಹಾಕಿದೆ. ಮೊದಲ ತುತ್ತು ಹಾರ್ನ್ ಮಾಮನದು. ಮೂರು ಲೋಟ ನೀರು ಗಟಗಟ ಕುಡಿದು "ಏನಪ್ಪಾ, ಸಮುದ್ರ ತಂದು ಕುದಿಸಿದ್ದೀಯಾ?" ಎಂದ. ನನ್ನ ಮುಖ ಹುಳ್ಳಗಾಯಿತು. ಅದಲ್ಲದೆ ಇನ್ನೊಂದು ಕೇಳು: ಅದೇ ಪಾತ್ರೆ, ಅದೇ ಅಳತೆ, ಅದೇ ಸೌಟು; ನಿನ್ನ ಕಾಲದಲ್ಲಿ ತೊಂಬತ್ತು ಜನಕ್ಕೆ ಆಗುತ್ತಿದ್ದದ್ದು ಅರವತ್ತೈದನೇ ತಟ್ಟೆಗೆ ತಳ ಕಂಡಿತು. ತಕ್ಕಡಿ ಕೆಟ್ಟಿರಬೇಕೆಂದು ಒಡೆಯದ ಕಿಲೋ ಪೊಟ್ಟಣ ಇಟ್ಟು ನೋಡಿದೆ, ಸರಿಯಾಗಿ ಒಂದು ಕಿಲೋ ತೋರಿಸಿತು. ಉಪ್ಪಿನ ಅಂಗಡಿ ಬದಲಾಯಿಸಿದೆ. ನಲ್ಲಿ ನೀರಿನ ಮೇಲೂ ಅನುಮಾನ ಬಂತು. ಮೂರು ದಿನವೂ ಅದೇ ಉಪ್ಪು, ಅದೇ ಅರವತ್ತೈದು. ನಾಲ್ಕನೇ ದಿನ ಉಪ್ಪನ್ನು ಇಳಿಸಿದರೆ ತಿನ್ನುವ ಹಾಗಾಯಿತು, ಆದರೆ "ಇದು ಅಮ್ಮನದಲ್ಲ" ಎಂದು ಎಲ್ಲರೂ ಮೂಗು ಮುರಿದರು. ಡಾಕ್ಟರು ಬಂದು ನನ್ನ ಬೋರ್ಡು ಓದಿ "ಇದು ಡ್ರೈವರುಗಳಿಗೋ, ಉಪ್ಪಿನಕಾಯಿ ಹಾಕೋಕೋ?" ಎಂದು ಕೇಳಿ ಹೋಗಿದ್ದಾರೆ. ನನ್ನಮ್ಮ ಇಪ್ಪತ್ತೆಂಟು ವರ್ಷದಿಂದ ಹಾಕುತ್ತಿರುವುದೇ ಇಷ್ಟು ಸ್ವಾಮಿ ಎಂದು ವಾದಿಸಿದೆ. ಗುರುವಾರ ಮತ್ತೆ ಬರುತ್ತಾರಂತೆ. ಆ ಬೋರ್ಡಿನ ಮೇಲೆ ನಾನೀಗ ಏನು ಬರೆಯಲಿ?

ಇನ್ನೂ ಒಂದಿದೆ. ನೀನು ಕಿಟಕಿಯ ಹತ್ತಿರ ಬೆನ್ನು ಹಾಕಿ ಕೂತು ಈರುಳ್ಳಿ ಹೆಚ್ಚುತ್ತಿದ್ದಾಗಲೇ, ಪಾತ್ರೆಯ ಕಡೆ ತಿರುಗಿಯೂ ನೋಡದೆ "ಈಗ ಉರಿ ಇಳಿಸು" ಎನ್ನುತ್ತಿದ್ದೆ. ಹೇಗೆ ಗೊತ್ತಾಯಿತು ಎಂದರೆ "ಸದ್ದು ಬದಲಾಯ್ತಲ್ಲ" ಎನ್ನುತ್ತಿದ್ದೆ. ನಾನು ದಿನಾ ಪಾತ್ರೆಗೆ ಕಿವಿ ಕೊಟ್ಟು ನಿಲ್ಲುತ್ತೇನೆ. ನನಗೆ ಮೊದಲಿನಿಂದ ಕೊನೆಯವರೆಗೂ ಒಂದೇ ಕೊತಕೊತ. ನಿನ್ನೆ ತಳ ಹಿಡಿಯಿತು. ಆ ಸದ್ದನ್ನು ಯಾವ ತಕ್ಕಡಿಯಲ್ಲಿ ತೂಗಲಿ?

ಹಾಂ, ನಿನ್ನ ರುಚಿ ನೋಡುವ ಚಮಚ ಸಿಕ್ಕಿತು. ನೀನು ಹೋದ ದಿನ ಒಲೆಯ ಪಕ್ಕದ ನಿನ್ನ ಮೊಳೆ ಬರಿದಾಗಿದ್ದುದನ್ನು ನೋಡಿ ಊರೆಲ್ಲ ಹುಡುಕಿದೆ. ಆಮೇಲೆ ನೋಡಿದರೆ ಬಾಗಿಲ ಹಿಂದೆ ನಿನ್ನ ಸೊಸೆಯ ಮೊಳೆಯಲ್ಲಿ, ಅವಳ ಏಪ್ರನ್ನಿನ ಕೆಳಗೆ ತೂಗುತ್ತಿತ್ತು. ಹೊರಡುವ ಗಡಿಬಿಡಿಯಲ್ಲಿ ಮೊಳೆ ತಪ್ಪಿಸಿದ್ದೀಯ. ನಾನು ತೆಗೆದು ನಿನ್ನ ಮೊಳೆಗೇ ಹಾಕಿದೆ, ಯಾರೂ ಮುಟ್ಟಬಾರದು ಎಂದೂ ಹೇಳಿದೆ. ನಿನ್ನ ಸೊಸೆ ಏನೋ ಹೇಳಲು ಬಂದು ಸುಮ್ಮನಾದಳು. ಇತ್ತೀಚೆಗೆ ಅವಳೂ ನಿನ್ನ ಹಾಗೇ ಆಗಿದ್ದಾಳೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ಅವಳ ಬೆಕ್ಕಿಗೆ ನನ್ನ ಪರವಾಗಿ ಒಂದು ಬಟ್ಟಲು ಹಾಲು ಹಾಕು. ನನ್ನ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ, ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ದಡ್ಡ ಮಗ,
ಗುಂಡು

ಮರೆತ ಮಾತು (ಹಾರ್ನ್ ಮಾಮ ಆಗಲೇ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ): ಲಕೋಟೆ ಅಂಟಿಸುವ ಮುಂಚೆ ನಿನ್ನ ಸೊಸೆ ಕಾಗದ ಕಿತ್ತುಕೊಂಡು ಓದಿದಳು. ಓದಿ ಅಲ್ಲೇ ಆಲೂಗಡ್ಡೆ ಮೂಟೆಯ ಮೇಲೆ ಕೂತು ಅತ್ತಳು. ಆಮೇಲೆ ಎಲ್ಲ ಹೇಳಿದಳು. ಹೋದ ವರ್ಷ ಇದೇ ಹೊತ್ತಿಗೆ ನಿನಗೆ ಬಂದ ಜ್ವರ ಇಳಿದ ಮೇಲೆ ನಿನ್ನ ನಾಲಿಗೆಗೆ ರುಚಿ ತಿಳಿಯುತ್ತಿಲ್ಲ ಎಂದು ಅವಳಿಗೆ ಒಂದು ವಾರದಲ್ಲೇ ಗೊತ್ತಾಯಿತಂತೆ. ನೀನು ಚಮಚದಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ತಲೆಯಾಡಿಸಿ, ಇನ್ನೊಂದು ಹಿಡಿ ಉಪ್ಪು ಹಾಕುತ್ತಿದ್ದೆಯಂತೆ. ನೀನು ಗಂಟೆ ಬಾರಿಸಲು ಹೊರಗೆ ಹೋದ ಎರಡು ನಿಮಿಷದಲ್ಲಿ ಅವಳು ಪಕ್ಕದ ಒಲೆಯಲ್ಲಿ ಉಪ್ಪಿಲ್ಲದೆ ಬೇಯಿಸಿಟ್ಟ ಕಾಳು, ಆಲೂಗಡ್ಡೆಯನ್ನು ನೀರಿನ ಸಮೇತ ದೊಡ್ಡ ಪಾತ್ರೆಗೆ ಸುರಿದು ಕಲಸುತ್ತಿದ್ದಳಂತೆ. ದಿನಾ. ಹತ್ತು ತಿಂಗಳು. ನಾನು ತೂಗಿದ್ದು ನಿನ್ನ ಕೈಯನ್ನು ಮಾತ್ರ. ಜನ ತಿಂದದ್ದು ಇಬ್ಬರ ಕೈಯನ್ನು. ಕಳೆದುಹೋದ ಇಪ್ಪತ್ತೈದು ತಟ್ಟೆ ಎಲ್ಲಿ ಹೋದವು ಎಂದು ಈಗ ತಿಳಿಯಿತು. ನನಗೊಂದು ಮಾತು ಹೇಳಬಾರದಿತ್ತೇ ಎಂದು ರೇಗಿದೆ. "ಹೇಳಿದ್ರೆ ಮಾರನೇ ದಿನಾನೇ ನೀವು ಅತ್ತೇನ ಮನೇಲಿ ಕೂರಿಸ್ತಿದ್ರಿ" ಎಂದಳು. ಕೂರಿಸುತ್ತಿದ್ದೆ, ಅದು ನಿಜ. ನಿನಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡಿದ್ದಳು ಪಾಪ. ಆದರೆ ನೀನು "ಇಷ್ಟಾ?" ಎಂದಾಗ ನೋಡಿದ್ದು ನನ್ನನ್ನಲ್ಲ, ಅವಳನ್ನು. ಈಗ ನೆನಪಾಗುತ್ತಿದೆ. ಚಮಚದ ಮೊಳೆ ತಪ್ಪಿರಲಿಲ್ಲ ಅಲ್ಲವೇ? ಮತ್ತೆ ಅವಳ ಮೊಳೆಗೇ ಹಾಕಿದ್ದೇನೆ. ಬೇರೆ ಮನೆಯ ಕೈ ಎಂದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಉಪ್ಪನ್ನು ಅವಳು ನೋಡಿಕೊಳ್ಳುತ್ತಾಳೆ. ಆದರೆ ಪಾತ್ರೆಯ ಸದ್ದು ಅವಳಿಗೂ ಕೇಳಿಸುವುದಿಲ್ಲವಂತೆ, ಅದಕ್ಕೆ ನೀನೇ ಬೇಕು. ಇಷ್ಟೆಲ್ಲ ತಿಳಿದ ಮೇಲೂ ನನಗೆ ಒಂದು ಅರ್ಥವಾಗುತ್ತಿಲ್ಲ. ಒಂದು ವರ್ಷ ನೀನು ದಿನಾ ಎಲ್ಲರನ್ನೂ ಊಟ ಆಯ್ತಾ ಎಂದು ಕೇಳಿದೆ, ನಿನ್ನನ್ನು ಒಬ್ಬರೂ ಕೇಳಲಿಲ್ಲವಲ್ಲ. ಕಾಗದದ ಮೊದಲಿಗೆ ನಾನು ಮಂಡಿ ಕೇಳಿದೆ, ಕಣ್ಣು ಕೇಳಿದೆ, ಇದೊಂದನ್ನು ನಾನೂ ಕೇಳಲಿಲ್ಲ. ನಿನಗೆ ಊಟ ಸೇರುತ್ತಿದೆಯಾ, ಅಮ್ಮಾ? ಹಾರ್ನ್ ಮಾಮ ನಾಳೆ ಬೆಳಿಗ್ಗೆ ಎಂಟಕ್ಕೆ ಅದೇ ಬೀದಿಯಲ್ಲಿ ವಾಪಸು ಬರುತ್ತಾನೆ, ಮುಂದಿನ ಸೀಟು ಖಾಲಿ ಇಟ್ಟಿರುತ್ತಾನೆ. ಉತ್ತರ ಬರೆಯಬೇಡ. ಬಂದು ಹೇಳು.