ತೆರೆದು ನೋಡಿದ ಡಬ್ಬಿಗಳು

ಮಾರ್ಚ್ ೩, ಬೆಳಿಗ್ಗೆ ೧೧
ಮತ್ತೆ ಮೊದಲಿನಿಂದ. ಒಂದೊಂದು ರಟ್ಟಿನ ಡಬ್ಬಿಯ ಮುಚ್ಚಳ ತೆರೆಯುವುದು, ಮುಚ್ಚುವುದು, ಎರಡು ಸಲ, ಮೂರು ಸಲ... ಸೋಪಿನ ಕಂಪನಿಯವರ ಮೊದಲ ಆರ್ಡರ್. ಸರಿಹೋದರೆ ವರ್ಷವಿಡೀ ಕೆಲಸ. ಕೆಟ್ಟರೆ ಡಬ್ಬಿ ಮಾಡುವ ನನ್ನ ಈ ಶೆಡ್‌ಗೆ ಬೀಗ. ಅಂಟು ಹಚ್ಚುವ ಅಂಟಕ್ಕ, ನನ್ನ ಒಬ್ಬಳೇ ಕೆಲಸಗಾರ್ತಿ, ನಕ್ಕಳು. "ಮೇಡಂ, ಖಾಲಿ ಡಬ್ಬಿ ಅದು. ಒಳಗೇನ್ ಹುಡುಕ್ತೀರಾ?"

ಮಾರ್ಚ್ ೪
ಹೊರಡುವಾಗ ಬಾಗಿಲಲ್ಲಿ ಅಪ್ಪ. ಅಮ್ಮ ಹೋದ ಮೇಲೆ ನಮ್ಮಲ್ಲೇ ಇದ್ದಾರೆ. "ಗ್ಯಾಸ್ ಆಫ್ ಮಾಡಿದ್ಯಾ?" ಮಾಡಿದ್ದೆ. "ಇನ್ನೊಂದ್ಸಲ ನೋಡು." ನೋಡಿದೆ. ಮೂವತ್ತು ವರ್ಷದಿಂದ ನೋಡುತ್ತಲೇ ಇದ್ದೇನೆ. ಬೈದಿದ್ದರೆ ಎದುರಾಡಬಹುದಿತ್ತು, ಪ್ರೀತಿಯಿಂದ ಹೇಳುತ್ತಾರೆ. ಮಗಳು ಪುಟ್ಟಿ ಶೂ ಹಾಕಿಕೊಂಡು ನಮ್ಮಿಬ್ಬರನ್ನೇ ನೋಡುತ್ತಿದ್ದಳು.
ಶೆಡ್‌ನಲ್ಲಿ ಅರ್ಧದಷ್ಟು ಡಬ್ಬಿ ನೋಡುವಷ್ಟರಲ್ಲಿ ಕಂಪನಿಯ ಗಾಡಿ ಬಂತು. ಉಳಿದರ್ಧ ನೋಡದೆಯೇ ಹೋಯಿತು.

ಮಾರ್ಚ್ ೧೨
ಏನು ಬರೆಯಲಿ — ಕಂಪನಿಯಿಂದ ಇನ್ನೂ ಸುದ್ದಿಯಿಲ್ಲ. ಫೋನ್ ನೋಡಿದೆ, ಇಟ್ಟೆ, ನೋಡಿದೆ. ಅರ್ಧ ನೋಡದೇ ಕಳಿಸಿದ್ದು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಅಪ್ಪ "ನಿನಗ್ಯಾಕೆ ಬೇಕಿತ್ತು ಈ ಉಸಾಬರಿ" ಅಂತಾರೆ. ಆ ನೋಡದ ಅರ್ಧ...

ಮಾರ್ಚ್ ೧೩, ಮಧ್ಯಾಹ್ನ
ಅರ್ಧದಷ್ಟು ಡಬ್ಬಿ ವಾಪಸ್ ಬಂತು. ಕಂಪನಿಯ ಮ್ಯಾನೇಜರ್: "ಮುಚ್ಚಳ ನಿಲ್ತಾನೇ ಇಲ್ಲ ಮೇಡಂ, ಸೋಪು ಜಾರ್ತಿದೆ. ಉಳಿದಿದ್ದು ಚೆನ್ನಾಗಿದೆ. ಸೋಮವಾರದೊಳಗೆ ಬದಲಿ ಕೊಡಿ. ಇದೇ ಕೊನೇ ಚಾನ್ಸ್."
ನೋಡದ ಅರ್ಧವೇ ಇರಬೇಕು ಅಂದುಕೊಂಡೆ. ಅಂಟಕ್ಕ ಒಂದನ್ನು ಬೆಳಕಿಗೆ ಹಿಡಿದಳು. ಮುಚ್ಚಳದ ಮಡಿಕೆ ಬಿರಿದಿತ್ತು. "ಇವು ನೀವು ತೆಗ್ದು ತೆಗ್ದು ನೋಡಿದ್ವು ಮೇಡಂ. ಮುಟ್ಟದೇ ಇದ್ವಲ್ಲ, ಅವೇ ಗಟ್ಟಿಯಾಗಿರೋದು."
ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾಚಿಕೆಯಾಯಿತು. ಅವಳೆದುರೇ ಅತ್ತುಬಿಟ್ಟೆ.

ಮಾರ್ಚ್ ೧೬
ಬದಲಿ ಡಬ್ಬಿ ಹೋದವು. ಕಳಿಸುವ ಮೊದಲು ಅಂಟಕ್ಕ ಹತ್ತಕ್ಕೊಂದನ್ನು ಮಾತ್ರ ತೆರೆದು ನೋಡಿದಳು. ನಾನು ಕೈ ಕಟ್ಟಿಕೊಂಡು ಕೂತೆ. ಎದ್ದೇಳಲಿಲ್ಲ.

ಮಾರ್ಚ್ ೧೯, ಬೆಳಿಗ್ಗೆ ೮
ನಿನ್ನೆ ಮ್ಯಾನೇಜರ್ ಫೋನ್. ವರ್ಷದ ಆರ್ಡರ್ ನಮ್ಮದೇ! ಅಂಟಕ್ಕನಿಗೆ ಹೇಳಿ ಕುಣಿಯುವುದೊಂದು ಬಾಕಿ.
ಇವತ್ತು ಪುಟ್ಟಿ ಮೊದಲ ಸಲ ತಾನೇ ಸ್ಕೂಲ್ ಬ್ಯಾಗ್ ತುಂಬಿಕೊಂಡಳು. ಜಿಪ್ ಎಳೆದು, "ಅಮ್ಮಾ, ಎಲ್ಲಾ ಹಾಕ್ಕೊಂಡೆ" ಎಂದಳು. ನಾನು ಏನೂ ಹೇಳಿರಲಿಲ್ಲ. ಸುಮ್ಮನೆ ಬ್ಯಾಗಿನ ಕಡೆ ನೋಡಿದೆ, ಅಷ್ಟೆ. ಅವಳ ಮುಖ ಸಣ್ಣಗಾಯಿತು. ತಾನಾಗೇ ಜಿಪ್ ತೆಗೆದಳು. "ಇರು, ಇನ್ನೊಂದ್ಸಲ ನೋಡ್ತೀನಿ..."
ಬೇಡ ಪುಟ್ಟಿ, ಎಂದೆ. ಅವಳು ಕೇಳಲಿಲ್ಲ. ಬ್ಯಾಗ್ ಹತ್ತಿರ ಕೂತು ಆ ಪುಟ್ಟ ಕೈ ಹಿಡಿದು, ಮುಚ್ಚು ಕಂದಾ, ಸರಿಯಾಗೇ ಇದೆ, ನೀನು ಸರಿಯಾಗೇ ತುಂಬಿದ್ದೀಯ, ಎಂದೆ.