ಇಪ್ಪತ್ತೆರಡು ಮೆಟ್ಟಿಲು ಹತ್ತುವ ಗಾಯ

ಮಾನ್ಯ ಆಡಳಿತ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆ ಮೊದಲ ಮಹಡಿಯಲ್ಲಿದೆ. ನನ್ನ ಗಾಯ ತೊಡೆಯಲ್ಲಿದೆ. ನಡುವೆ ಇಪ್ಪತ್ತೆರಡು ಮೆಟ್ಟಿಲುಗಳಿವೆ. ತಕರಾರು ಇಷ್ಟೇ. ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು, ಆದರೆ ಕಾಲು ಉಳಿದ ಖುಷಿಯಲ್ಲಿರುವವನ ಬಾಯಿ ಮುಚ್ಚಿಸುವುದು ಕಷ್ಟ. ಹೆಂಡತಿ ಹೀರಾಬಾಯಿಯೇ ಸೋತು ಕೈಬಿಟ್ಟಿದ್ದಾಳೆ.

ನಾನು ದಂಡೋತಿಯ ದರ್ಜಿ. ಬಲತೊಡೆಯ ಮಾಂಸದೊಳಗೆ ಗಡ್ಡೆ ಬೆಳೆದಿತ್ತು, ಕ್ಯಾನ್ಸರ್ ಎಂದರು. ಕಾಲನ್ನೇ ತೆಗೆಯಬೇಕಾದೀತು ಎಂದು ಕೇಳಿದ ದಿನ ಹೊಲಿಗೆ ಯಂತ್ರದ ಪೆಡಲ್ ನೋಡುತ್ತಾ ಕೂತು ಅತ್ತೆ. ಹೈದರಾಬಾದಿನ ಡಾಕ್ಟರು ಐದು ವಾರ ರೇಡಿಯೇಷನ್ ಕೊಡಿಸಿ, ಆಮೇಲೆ ಗಡ್ಡೆಯನ್ನಷ್ಟೇ ತೆಗೆದು ಕಾಲು ಉಳಿಸಿದರು. ಎಚ್ಚರವಾದಾಗ ಕಾಲಿನ ಹೆಬ್ಬೆರಳು ಅಲ್ಲಾಡಿಸಿ ನೋಡಿದೆ. ಅಲ್ಲಾಡಿತು. ಅವತ್ತು ಶುರುವಾದ ನಗು ಇನ್ನೂ ನಿಂತಿಲ್ಲ. ನೋಡಲು ಬಂದವರಿಗೆಲ್ಲ ಹೆಬ್ಬೆರಳು ಕುಣಿಸಿ ತೋರಿಸಿದೆ, ಕಸ ಗುಡಿಸುವವರನ್ನೂ ಬಿಡಲಿಲ್ಲ.

ಮೂರನೇ ವಾರ ಹೊಲಿಗೆ ಬಾಯಿಬಿಟ್ಟಿತು. ದರ್ಜಿಯ ಮೈಮೇಲೆಯೇ ಹೊಲಿಗೆ ಬಿಚ್ಚುವುದೆಂದರೆ ಮರ್ಯಾದೆಯ ಪ್ರಶ್ನೆ. ಆದರೂ ಡಾಕ್ಟರನ್ನು ದೂರಲಾರೆ. ಇಸ್ತ್ರಿಗೆ ಸುಟ್ಟ ಬಟ್ಟೆ ದಾರ ಹಿಡಿಯುವುದಿಲ್ಲ, ರೇಡಿಯೇಷನ್ ತಿಂದ ಚರ್ಮವೂ ಹಾಗೇ. ದಿನಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕು, ಆ ಜಾಗ ಜಗ್ಗಬಾರದು, ಮೆಟ್ಟಿಲು ಹತ್ತಲೇಬಾರದು ಎಂದು ಅವರು ಚೀಟಿ ಬರೆದು ನಿಮ್ಮ ಆಸ್ಪತ್ರೆಗೆ ಕಳಿಸಿದರು. ಆ ಚೀಟಿ ತೋರಿಸಲು ನಾನು ಇಪ್ಪತ್ತೆರಡು ಮೆಟ್ಟಿಲು ಹತ್ತಿದೆ.

ಡ್ರೆಸ್ಸಿಂಗ್ ಮಾಡುವ ನರ್ಸ್ ಹಸೀನಾಬೇಗಂ ಅವರ ಕೈ ಹಗುರ, ಬಾಯಿ ಖಡಕ್. ಹೋದ ವಾರ ಪಟ್ಟಿ ಬಿಚ್ಚಿ ಹಣೆ ಚಚ್ಚಿಕೊಂಡರು.

"ಅಣ್ಣಾ, ಮತ್ತ ಬಾಯಿ ಬಿಟ್ಟದ ನೋಡ್ರಿ. ನಾ ಇಲ್ಲಿ ಪಟ್ಟಿ ಕಟ್ಟೋದು, ನೀವು ಮೆಟ್ಟಿಲಿಗಿ ಹೋಗಿ ಹರಕೊಳ್ಳೋದು. ಹಿಂಗಾದ್ರ ಯಾವಾಗ ಕೂಡ್ತದ್ರಿ ಇದು?"

"ನೀವೇ ತೆಳಗ ಬರ್ರಿ ಸಿಸ್ಟರ್," ಅಂದೆ.

ಅವರು ಗೋಡೆ ತೋರಿಸಿದರು. ಡ್ರೆಸ್ಸಿಂಗ್ ಸಾಮಾನು ಈ ಕೋಣೆ ಬಿಟ್ಟು ಹೊರಹೋಗಕೂಡದು ಎಂಬ ಆದೇಶ, ಕೆಳಗೆ ನಿಮ್ಮ ಸುಂದರವಾದ ಸಹಿ. ಲಿಫ್ಟ್ ಇದೆಯಲ್ಲ ಎನ್ನುತ್ತೀರಾ? ಗುಂಡಿ ಇದೆ, ಬಾಗಿಲಿದೆ, ಒಳಗಿನ ಪೆಟ್ಟಿಗೆ ಮಾತ್ರ ಇನ್ನೂ ಬಂದಿಲ್ಲ. ಕೆಳಗೆ ಜಾಗವಿಲ್ಲ ಎನ್ನುತ್ತೀರಾ? ದಯವಿಟ್ಟು ಆ ಮಾತು ನನಗೆ ಹೇಳಬೇಡಿ. ಮೂರು ವರ್ಷದ ಹಿಂದೆ, ಆಸ್ಪತ್ರೆಯ ಉದ್ಘಾಟನೆಗೆ ಮುಂಚೆ, ನೆಲಮಹಡಿಯ ಡ್ರೆಸ್ಸಿಂಗ್ ಕೋಣೆಗೆ ಹಸಿರು ಪರದೆ ಹೊಲಿದವನು ನಾನೇ. ಬಾಗಿಲಿಗೊಂದು, ಕಿಟಕಿಗಳಿಗೆ ಎರಡು. ಟೇಪು ಹಿಡಿದು ಅಳೆದಿದ್ದೇನೆ, ಬಾಗಿಲು ನಾಲ್ಕಡಿ ಅಗಲ, ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ.

ಈಗ ಅದು ನಿಮ್ಮ ಮೀಟಿಂಗ್ ಕೋಣೆ. ಕಿಟಕಿಯಿಂದ ಇಣುಕಿದೆ. ಹನ್ನೆರಡು ಮೆತ್ತನೆ ಕುರ್ಚಿಗಳು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಆರಾಮಾಗಿ ಕುಂತಿವೆ. ನನ್ನ ಪರದೆ ಇನ್ನೂ ಅಲ್ಲೇ ತೂಗುತ್ತಿದೆ, ಒಂದು ಹೊಲಿಗೆಯೂ ಬಿಚ್ಚಿಲ್ಲ. ನಿಜ ಹೇಳುತ್ತೇನೆ, ಆ ನೋವಿನಲ್ಲೂ ನನಗೆ ಹೆಮ್ಮೆಯಾಯಿತು.

ನಗುತ್ತಲೇ ಬರೆದೆ, ಆದರೆ ಹೆದರಿಕೆ ಇದೆ. ಗಾಯ ಇನ್ನೂ ಎರಡು ಬೆರಳಗಲ ಕೂಡಬೇಕು. ಕೀವು ಒಳಗೆ ಎಲುಬಿನವರೆಗೆ ಇಳಿದರೆ ಎರಡನೇ ಸಲ ಕಾಲು ಉಳಿಸುವುದು ತಮ್ಮ ಕೈಯಲ್ಲಿಲ್ಲ ಎಂದು ಹೈದರಾಬಾದಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಹೀರಾಬಾಯಿ ಆ ಮಾತು ಕೇಳಿದಾಗಿನಿಂದ ನಾನು ಮಲಗಿದ ಮೇಲೆ ನನ್ನ ಹೆಬ್ಬೆರಳು ಮುಟ್ಟಿ ನೋಡುತ್ತಾಳೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.

ನಾಡಿದ್ದು ಸೋಮವಾರ ಮತ್ತೆ ನನ್ನ ಡ್ರೆಸ್ಸಿಂಗ್. ಅಷ್ಟರೊಳಗೆ ಆ ಕೋಣೆಯನ್ನು ಗಾಯಗಳಿಗೆ ಬಿಟ್ಟುಕೊಡಿ, ಕುರ್ಚಿಗಳನ್ನು ಮೇಲೆ ಕಳಿಸಿ. ಅವಕ್ಕೆ ನಾಲ್ಕು ನಾಲ್ಕು ಕಾಲಿವೆ, ಒಂದಕ್ಕೂ ಗಾಯವಿಲ್ಲ.

ಇಂತಿ,
ಸದ್ಯಕ್ಕೆ ಎರಡೂ ಕಾಲುಳ್ಳ,
ಅಣವೀರ, ದರ್ಜಿ, ದಂಡೋತಿ