ಸೋತವನ ಪಾಲಿನ ಹಿಟ್ಟು

ಖಾನಾಪುರದ ಕಾಡಂಚಿನಿಂದ, ಬುಧವಾರ

ಸಾಕ್ಷಿಯ ತಾಯಿಗೆ ಶರಣು.

ಅರಣ್ಯ ಕಾನೂನಿನ ದೆಸೆಯಿಂದ ವಿದ್ಯುತ್ ಕಂಬಗಳೇ ಬಾರದ ಈ ಊರಿನಲ್ಲಿ ಹಿಟ್ಟಿನ ಗಿರಣಿ ಬಿಸಿಲಿನಿಂದ ತಿರುಗುವುದನ್ನು ಕಣ್ಣಾರೆ ಕಂಡೆ. ಸರ್ಕಾರದ ಸಹಾಯಧನದಿಂದ ಬಂದ ಸೌರಫಲಕಗಳನ್ನು ಊರ ಸಮಿತಿಯ ಹೆಸರಿಗೇ ನೋಂದಾಯಿಸಿಕೊಟ್ಟವಳು ವಕೀಲೆಯಾಗಿದ್ದ ನಮ್ಮ ಮಗಳು. ಅವಳು ಲಿಂಗೈಕ್ಯಳಾಗಿ ವರ್ಷವಾದರೂ ಅವಳು ಹಾಕಿಕೊಟ್ಟ ಪದ್ಧತಿಯನ್ನು ಊರವರು ಬಿಟ್ಟಿಲ್ಲ. ಯಾವ ನಿರ್ಣಯಕ್ಕೂ ಮುನ್ನ ಒಬ್ಬರು ಎದುರು ಪಕ್ಷವನ್ನು ಮನಸಾರೆ ವಾದಿಸಲೇಬೇಕು. ಹಿಂದವಾಡಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ನಾನು ಅವಳಿಂದ ಮಾಡಿಸುತ್ತಿದ್ದ ಅಭ್ಯಾಸವದು.

ಫಲಕಗಳನ್ನು ತನಗೆ ವಹಿಸಿದರೆ ಪಕ್ಕದ ರೆಸಾರ್ಟಿಗೆ ವಿದ್ಯುತ್ ಮಾರಿ ಊರಿಗೆ ಬಾಡಿಗೆ ಕೊಡುವುದಾಗಿ ಒಂದು ಕಂಪನಿ ಹೇಳಿದೆ. ಇಂದಿನ ಸಭೆಯಲ್ಲಿ ಅದರ ಪರವಾಗಿ ಯಾರೂ ಏಳದಿದ್ದಾಗ ನನ್ನನ್ನು ಕರೆದರು. ಕಾಲೇಜಿನ ಚರ್ಚಾಕೂಟದಲ್ಲಿ ವಾದಿಸುತ್ತಿದ್ದಂತೆಯೇ ವಾದಿಸಿದೆ, ಸಭೆ ತಲೆದೂಗತೊಡಗಿತು. ಆಗ ಗಿರಣಿ ನಡೆಸುವ ಮಾಯಕ್ಕ ಎದ್ದಳು.

"ವಕೀಲಬಾಯಿ ಅಪ್ಪಾರ, ನಿಮ್ಮ ಮಾತು ಖರೇ ಐತ್ರಿ. ಆದ್ರ ಹಗಲಿನ ಕರೆಂಟ್ ಎಲ್ಲಾ ರೆಸಾರ್ಟಿಗೆ ಹೋದ್ರ ನಮ್ಮ ಗಿರಣಿ ಬೆಳದಿಂಗಳದಾಗ ತಿರಗಬೇಕೇನ್ರಿ?"

ಎಲ್ಲರೂ ನಕ್ಕರು. ಕಂಪನಿಯ ಪರವಾಗಿ ಒಂದು ಕೈಯೂ ಏಳಲಿಲ್ಲ, ನನ್ನದೂ ಏಳಲಿಲ್ಲ. ಗೆದ್ದಾಗಲೂ ನಾನು ಇಷ್ಟು ಹೆಮ್ಮೆಪಟ್ಟವನಲ್ಲ.

ಎದುರು ವಾದಿಸಿ ಸೋತವರಿಗೆ ಆ ದಿನ ಬೀಸಿದ ಮೊದಲ ಹಿಟ್ಟು ಸಲ್ಲಬೇಕೆಂಬುದೂ ಸಾಕ್ಷಿಯದೇ ನಿಯಮವಂತೆ. ರಕ್ತದೊತ್ತಡದ ಮಾತ್ರೆಯನ್ನು ತಪ್ಪಿಸಿಲ್ಲ. ಅಂಚೆಯವರು ಹೊರಟು ನಿಂತಿದ್ದಾರೆ. ಶನಿವಾರ ಹಿಟ್ಟಿನೊಡನೆ ಬರುವೆ; ದೊಡ್ಡ ಡಬ್ಬಿಯನ್ನು ತೊಳೆದಿಡು.

ಗುರುಪುತ್ರಪ್ಪ